ಬದುವಿನ ತುಂಬೆ, ಕಟ್ಟೆಯ ತುಳಸಿ

ಸಂಘದ ಬೆಳ್ಳಿಹಬ್ಬದ ಸಂಚಿಕೆಗೆ ಊರಿನ ಚರಿತ್ರೆ ಬರೆದುಕೊಡಿ ಎಂದು ಸಂಚಿಕೆ ಸಮಿತಿಯವರು ಕೇಳಿದಾಗ ನಾವು ಸ್ವಲ್ಪ ತಡವರಿಸಿದ್ದು ನಿಜ. ಚರಿತ್ರೆ ಅಂದರೆ ಕೋಟೆ, ಪಾಳೇಗಾರ, ಯುದ್ಧ. ನಮ್ಮೂರಲ್ಲಿ ಇವು ಯಾವುವೂ ಇಲ್ಲ. ದಾವಣಗೆರೆಗೂ ಹರಿಹರಕ್ಕೂ ನಡುವೆ ಇರುವುದು ಹೆಚ್ಚು ಕಡಿಮೆ 14 ಕಿಲೋಮೀಟರ್ ದಾರಿ. ಆ ದಾರಿಯ ಆಚೀಚೆ ಇರುವ ಹತ್ತಾರು ಹಳ್ಳಿಗಳಲ್ಲಿ ನಮ್ಮದೂ ಒಂದು, ಅಷ್ಟೇ. ಸಂಘದ ಚರಿತ್ರೆಯನ್ನು ಕಾರ್ಯದರ್ಶಿಗಳ ವರದಿಯಲ್ಲಿ ಸದಸ್ಯರು ಓದಿಕೊಳ್ಳಬಹುದು. ಹಾಗಾಗಿ ನಾವು ಒಂದು ಗಿಡದ ಚರಿತ್ರೆ ಬರೆಯುತ್ತಿದ್ದೇವೆ. ಯಾಕೆ ಗಿಡ ಎಂಬುದಕ್ಕೆ ಕಾರಣವಿದೆ.

ಕಳೆದ ಕಾರ್ತಿಕದ ಒಂದು ಸೋಮವಾರ ಸಂಘದ ಕಛೇರಿಯಲ್ಲಿ ಪೂಜೆ ಇಟ್ಟುಕೊಂಡಿದ್ದೆವು. ಈಶ್ವರನಿಗೆ ನಾಲ್ಕು ತುಂಬೆ ಹೂವು ಇರಲಿ ಎಂದು ಇಬ್ಬರು ಹುಡುಗರನ್ನು ಹೊಲದ ಕಡೆ ಕಳಿಸಿದೆವು. ಒಂದು ತಾಸು ತಿರುಗಿ ಬರಿಗೈಲಿ ಬಂದರು. "ತುಂಬಿ ಹೂವು ಎಲ್ಲೂ ಇಲ್ರಿ, ಬೇಕಾದ್ರೆ ದಾವಣಗೆರಿಗೆ ಹೋಗಿ ಸೇವಂತಿಗೆ ತರ್ತೀವಿ" ಅಂದರು. ಅಲ್ಲಿ ಕೂತಿದ್ದ ಹಿರಿಯರಿಗೆ ನಗು ಬಂತು, ಆಮೇಲೆ ನಗು ನಿಂತಿತು. ತುಂಬೆ ಹೂವು ಸಿಗದ ಊರು ಯಾವುದಾದರೂ ಉಂಟೆ? ಕಾಲಿಗೆ ತೊಡರುತ್ತಿದ್ದ ಗಿಡ ಅದು. ಆ ಹುಡುಗರಲ್ಲಿ ಒಬ್ಬನಂತೂ "ತುಂಬಿ ಅಂದ್ರ ಹೆಂಗಿರ್ತೈತಿ?" ಎಂದು ಹೊರಗೆ ಬಂದು ಮೆಲ್ಲಗೆ ಕೇಳಿದನಂತೆ.

ಕೇಳಿದವನಿಗಾಗಿ ಮೊದಲು ಗಿಡವನ್ನೇ ಹೇಳುತ್ತೇವೆ. ಮೊಳಕಾಲುದ್ದ ಬೆಳೆಯುವ ಸಣ್ಣ ಗಿಡ. ಎಲೆ ಉದ್ದುದ್ದ, ಮುಟ್ಟಿದರೆ ಒರಟು. ದಂಟಿನ ಗಿಣ್ಣು ಗಿಣ್ಣಿಗೂ ಒಂದೊಂದು ಹಸಿರು ಚೆಂಡು. ಆ ಚೆಂಡಿನ ಸುತ್ತ ಬಿಳಿ ಹೂವು. ಮೇಲ್ದುಟಿ ಚಿಕ್ಕದು, ಕೆಳದುಟಿ ದೊಡ್ಡದು. ಹೂವನ್ನು ಮೆಲ್ಲಗೆ ಎಳೆದು ಬುಡವನ್ನು ಚೀಪಿದರೆ ನಾಲಿಗೆಗೆ ಒಂದು ಹನಿ ಸಿಹಿ. ಶಾಲೆಗೆ ಹೋಗುವಾಗ ಬದುವಿನ ಮೇಲೆ ಕೂತು ಹೀಗೆ ಚೀಪಿದವರು ಈ ಸಂಚಿಕೆ ಓದುವವರಲ್ಲಿ ಬಹಳ ಮಂದಿ ಇದ್ದೀರಿ. ಬಿಳುಪಿಗೆ ಹೋಲಿಕೆ ಕೊಡುವಾಗ "ತುಂಬೆ ಹೂವಿನಂಗೆ ಬೆಳ್ಳಗೆ" ಅನ್ನುವ ಮಾತು ಇನ್ನೂ ಬಾಯಲ್ಲಿದೆ. ಸಸ್ಯಶಾಸ್ತ್ರದವರು ಇದಕ್ಕೆ ಲ್ಯೂಕಾಸ್ ಆಸ್ಪೆರಾ ಎಂದು ಹೆಸರಿಟ್ಟಿದ್ದಾರೆ. ಮೊದಲ ಪದ ಗ್ರೀಕ್ ಭಾಷೆಯಲ್ಲಿ ಬಿಳುಪು ಎಂಬುದರಿಂದ ಬಂದದ್ದು, ಎರಡನೆಯದು ಲ್ಯಾಟಿನ್‌ನಲ್ಲಿ ಒರಟು. ನಮ್ಮ ಹೆಂಗಸರು ಹೇಳುವುದೂ ಇದನ್ನೇ: ಹೂವು ಬಿಳುಪು, ಎಲೆ ಒರಟು.

ಇದು ತುಳಸಿಯ ಕುಲದ್ದು ಎಂದರೆ ಹಲವರು ನಂಬಲಿಕ್ಕಿಲ್ಲ. ಪರೀಕ್ಷೆ ಸುಲಭ. ನಿಮ್ಮ ಮನೆಯ ತುಳಸಿಯ ಎಳೆ ದಂಟನ್ನು ಎರಡು ಬೆರಳಲ್ಲಿ ಹಿಡಿದು ಹೊರಳಿಸಿ ನೋಡಿ. ಸಲೀಸಾಗಿ ಉರುಳುವುದಿಲ್ಲ, ನಾಲ್ಕು ಮೂಲೆ ಕೈಗೆ ಸಿಗುತ್ತದೆ. ಎಲೆಗಳು ಎದುರುಬದುರು ಜೋಡಿ. ಹೂವಿಗೆ ಎರಡು ತುಟಿ. ಒಂದು ಹೂವು ಒಣಗಿದರೆ ಒಳಗೆ ನಾಲ್ಕು ಸಣ್ಣ ಬೀಜ. ತುಂಬೆಗೂ ಇದೇ ಲಕ್ಷಣ, ಪುದೀನಕ್ಕೂ ಇದೇ ಲಕ್ಷಣ. ಇವೆಲ್ಲ ಸೇರಿ ಲೇಮಿಯೇಸಿ ಎಂಬ ಒಂದೇ ಕುಟುಂಬ. ಹಿಂದೆ ಇದಕ್ಕೆ ಲೇಬಿಯೇಟಿ, ಅಂದರೆ ತುಟಿಯುಳ್ಳವು ಎನ್ನುತ್ತಿದ್ದರು. ಹಿತ್ತಲಿನ ದೊಡ್ಡಪತ್ರೆ, ಬೇಸಿಗೆಯಲ್ಲಿ ಬೀಜ ನೆನೆಸಿ ಪಾನಕಕ್ಕೆ ಹಾಕುವ ಕಾಮಕಸ್ತೂರಿ, ಹೂಮಾಲೆಯ ಮರುಗ, ಎಲ್ಲ ನೆಂಟರೇ. ಬೇಲಿಯ ಲಕ್ಕಿ ಗಿಡವನ್ನೂ ತೇಗದ ಮರವನ್ನೂ 1990ರ ದಶಕದಿಂದ ಈಚೆಗೆ ಪಂಡಿತರು ಇದೇ ಕುಟುಂಬಕ್ಕೆ ಸೇರಿಸಿದ್ದಾರೆ. ಅಷ್ಟು ದೊಡ್ಡ ತೇಗ ಈ ಮೊಳಕಾಲುದ್ದದ ತುಂಬೆಗೆ ದಾಯಾದಿ ಎಂದರೆ ವಿಚಿತ್ರವೇ. ಆದರೆ ತೇಗದ ಎಳೆ ಚಿಗುರಿನ ದಂಟೂ ನಾಲ್ಕು ಮೂಲೆಯದೇ. ಇಲ್ಲಿ ಒಂದು ಮಾತು. ದವನವೂ ಮರುಗವೂ ಮಾಲೆಯಲ್ಲಿ ಜೊತೆಗಿರುತ್ತವೆ ಎಂದು ದವನವನ್ನೂ ಇದೇ ಕುಲಕ್ಕೆ ಸೇರಿಸುವವರಿದ್ದಾರೆ. ಅದು ಸೇವಂತಿಗೆಯ ಕುಲ.

ಈಗ ಹರಿಹರಕ್ಕೆ ಬರೋಣ. ಈ ಎರಡು ಗಿಡಗಳ ಕಥೆ ನಮ್ಮ ಸೀಮೆಯಲ್ಲಿ ಒಂದಾಗುವುದು ಅಲ್ಲಿಯೇ.

ಸೂಳೆಕೆರೆಯಿಂದ ಹೊರಟ ಹರಿದ್ರಾ ಹೊಳೆ ಹರಿಹರದಲ್ಲಿ ತುಂಗಭದ್ರೆಯನ್ನು ಕೂಡುತ್ತದೆ. ಕೂಡುವ ಜಾಗವಾದ್ದರಿಂದ ಊರಿಗೆ ಹಿಂದೆ ಕೂಡಲೂರು ಎಂಬ ಹೆಸರಿತ್ತು. ಅಲ್ಲಿನ ಹರಿಹರೇಶ್ವರ ದೇವಸ್ಥಾನವನ್ನು 1223-24ರ ಸುಮಾರಿಗೆ ಕಟ್ಟಿಸಿದವನು ಹೊಯ್ಸಳ ಎರಡನೆಯ ವೀರನರಸಿಂಹನ ದಂಡನಾಯಕ ಪೋಲಾಳ್ವ. ಮುಂದೆ 1268ರಲ್ಲಿ ಸೋಮ ದಂಡನಾಯಕ ಅದನ್ನು ವಿಸ್ತರಿಸಿದ. ಸೋಮನಾಥಪುರದ ದೇವಾಲಯ ಕಟ್ಟಿಸಿದವನೂ ಈತನೇ. ಗುಹಾಸುರನೆಂಬ ರಾಕ್ಷಸ ಹರಿಯಿಂದಲೂ ಹರನಿಂದಲೂ ಸಾವು ಬಾರದಂತೆ ಬ್ರಹ್ಮನಿಂದ ವರ ಪಡೆದು ಮೆರೆದಾಗ ಇಬ್ಬರೂ ಒಂದೇ ಮೈಯಾಗಿ ಬಂದು ಅವನನ್ನು ತುಳಿದರು ಎಂಬುದು ಸ್ಥಳಪುರಾಣ. ಮೂರ್ತಿಯ ಬಲಭಾಗ ಶಿವ, ಎಡಭಾಗ ವಿಷ್ಣು. ಕೈಯಲ್ಲಿರುವ ಆಯುಧಗಳೂ ಹಾಗೆಯೇ ಹಂಚಿಕೆಯಾಗಿವೆ.

ನಮ್ಮ ಮನೆಗಳ ಪದ್ಧತಿಯಲ್ಲಿ ತುಳಸಿ ವಿಷ್ಣುವಿನದು. ಬಿಲ್ವಪತ್ರೆ ಮತ್ತು ತುಂಬೆ ಶಿವನವು. ಶಿವನಿಗೆ ತುಳಸಿ ಏರಿಸಬಾರದು ಎಂದು ಹೇಳುವ ಹಿರಿಯರಿದ್ದಾರೆ. ಹಾಗಾದರೆ ಅರ್ಧ ಹರಿ ಅರ್ಧ ಹರ ಇರುವ ಮೂರ್ತಿಯ ಮುಂದೆ ಈ ಭೇದ ಎಲ್ಲಿ ನಿಲ್ಲಬೇಕು? ಪುರಾಣ ಬಿಡಿಸಿ ಹೇಳದ ಮಾತನ್ನು ಗಿಡಗಳೇ ಹೇಳುತ್ತವೆ. ಹರಿಯ ತುಳಸಿಯೂ ಹರನ ತುಂಬೆಯೂ ಒಂದೇ ಕುಟುಂಬದ ಅಕ್ಕತಂಗಿಯರು. ಇದು ಪೋಲಾಳ್ವನಿಗೆ ಗೊತ್ತಿತ್ತು ಎಂದು ನಾವು ಹೇಳುತ್ತಿಲ್ಲ. ಆದರೆ ಈ ಸೀಮೆಯಲ್ಲಿ ಈಶ್ವರನ ಒಕ್ಕಲೂ ರಂಗಪ್ಪನ ಒಕ್ಕಲೂ ಒಂದೇ ಬೀದಿಯಲ್ಲಿ ಬಾಳಿದ್ದಾರೆ. ಹರಿಹರದ ತೇರಿಗೆ ಒಂದೇ ಗಾಡಿಯಲ್ಲಿ ಹೋಗಿದ್ದಾರೆ. ಅವರ ಬುಟ್ಟಿಗಳಲ್ಲಿ ಎರಡೂ ಇದ್ದವು ಎಂಬುದಕ್ಕೆ ನಮ್ಮ ಅಜ್ಜಿಯರ ಮಾತೇ ಸಾಕ್ಷಿ.

ಅಕ್ಕತಂಗಿಯರಾದರೂ ಬಾಳಿದ ರೀತಿ ಬೇರೆ. ತುಳಸಿಗೆ ಕಟ್ಟೆ ಇದೆ. ದಿನಾ ನೀರು, ಸಂಜೆ ದೀಪ, ಉತ್ಥಾನ ದ್ವಾದಶಿಗೆ ನೆಲ್ಲಿಕೊಂಬೆ ನೆಟ್ಟು ಮದುವೆ. ಒಣಗಿದರೆ ಪಕ್ಕದ ಮನೆಯಿಂದ ಸಸಿ ಬರುತ್ತದೆ. ತುಂಬೆಗೆ ಇದು ಯಾವುದೂ ಇಲ್ಲ. ಯಾರೂ ನೆಡಲಿಲ್ಲ, ನೀರು ಹಾಕಲಿಲ್ಲ. ಮಳೆಗೆ ಹುಟ್ಟಿ, ಶ್ರಾವಣ ಕಳೆದು ಕಾರ್ತಿಕದ ಹೊತ್ತಿಗೆ ಹೂ ತುಂಬಿ, ಬೀಜ ಉದುರಿಸಿ ಒಣಗುತ್ತಿತ್ತು. ಅದರ ಕಟ್ಟೆ ಹೊಲದ ಬದು.

ಚರಿತ್ರೆಯ ಪುಸ್ತಕಗಳಲ್ಲೂ ಈ ಭೇದ ಕಾಣುತ್ತದೆ. ನಮ್ಮ ಸೀಮೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾದ 11ನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದ್ದಾರೆ. ಆ ಕಾಲದ ದತ್ತಿಗಳಲ್ಲಿ ದೇವರ ನೈವೇದ್ಯಕ್ಕೆ ಗದ್ದೆ, ನಂದಾದೀಪಕ್ಕೆ ಎಣ್ಣೆ, ಪೂಜೆಗೆ ಹೂದೋಟ ಬಿಟ್ಟುಕೊಡುವುದು ಸಾಮಾನ್ಯ ಸಂಗತಿ. ತುಂಬೆಗೆ ದತ್ತಿ ಯಾಕೆ ಬೇಕು? ಎಲ್ಲಿ ಬಗ್ಗಿದರೂ ಸಿಗುವುದಕ್ಕೆ ಯಾರೂ ಕಲ್ಲಿನಲ್ಲಿ ಬರೆಸುವುದಿಲ್ಲ. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಇಂಗ್ಲಿಷರ ವೈದ್ಯ ಹರಿಹರ, ದಾವಣಗೆರೆ ಮೇಲೆ ಹಾದು ಹೋದ. ಸಸ್ಯಶಾಸ್ತ್ರವನ್ನು ಚೆನ್ನಾಗಿ ಬಲ್ಲವನು. ಇಲ್ಲಿನ ಕಂಬಳಿ ವ್ಯಾಪಾರ, ಬೇಸಾಯ ಎಲ್ಲದರ ಬಗ್ಗೆ ಬರೆದ. ಅವನ ಪುಸ್ತಕ 1807ರಲ್ಲಿ ಮೂರು ಸಂಪುಟಗಳಲ್ಲಿ ಹೊರಬಂತು. ಅಂಥ ಬರಹಗಾರರಿಗೆ ಬೆಳೆ ಬೇಕು, ತೆರಿಗೆ ಬೇಕು, ಬದುವಿನ ಕಳೆ ಯಾಕೆ ಬೇಕು? ಅವರನ್ನು ದೂರುವುದರಲ್ಲಿ ಅರ್ಥವಿಲ್ಲ. ನಮ್ಮ ಪಹಣಿಯಲ್ಲೂ ಬೆಳೆಯ ಹೆಸರಿಗೆ ಒಂದು ಅಂಕಣವಿದೆ, ಬದುವಿನ ಗಿಡಕ್ಕೆ ಇಲ್ಲ.

ಅಂದಮೇಲೆ ತುಂಬೆ ಎಂದಿನಿಂದ ಕಡಿಮೆಯಾಯಿತು ಎಂಬುದನ್ನು ದಾಖಲೆಯಿಂದ ಹೇಳಲಾಗದು. ಹಿರಿಯರನ್ನು ಕೂರಿಸಿಕೊಂಡು ಕೇಳಿ, ಹೊಲ ನೋಡಿ, ನಾವು ತಿಳಿದಷ್ಟು ಇಲ್ಲಿ ಬರೆದಿದ್ದೇವೆ.

ನಾಲೆ ಬರುವ ಮೊದಲು ಇದು ಮಳೆಯಾಶ್ರಿತ ಸೀಮೆ. ಜೋಳ, ನವಣೆ, ರಾಗಿ, ಹತ್ತಿ. ಹತ್ತಿ ಇದ್ದದ್ದರಿಂದಲೇ 1936ರಲ್ಲಿ ದಾವಣಗೆರೆಯಲ್ಲಿ ಹತ್ತಿ ಗಿರಣಿ ಬಂತು. ಆಮೇಲೆ ಒಂದರ ಹಿಂದೆ ಒಂದು ಗಿರಣಿ ಎದ್ದು ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಬಂತು. ಆ ಹೊಲಗಳಲ್ಲಿ ತುಂಬೆ ಸಾಲುಸಾಲಿನ ನಡುವೆಯೂ ಹುಟ್ಟುತ್ತಿತ್ತು, ಬದುವಿನ ಮೇಲೂ ಹುಟ್ಟುತ್ತಿತ್ತು. ಎಡೆಕುಂಟೆ ಹೊಡೆದರೆ ಸಾಲಿನ ನಡುವಿನದು ಸಾಯುತ್ತಿತ್ತು. ಬೆಳೆಯ ಬುಡದ್ದನ್ನು ಹೆಂಗಸರು ಕೂತು ಕೀಳುತ್ತಿದ್ದರು. ಬದುವಿನದನ್ನು ಯಾರೂ ಮುಟ್ಟುತ್ತಿರಲಿಲ್ಲ. ಕೀಳುವಾಗ ಎಳೆ ಕುಡಿಗಳನ್ನು ಮಡಿಲಿಗೆ ಹಾಕಿಕೊಂಡು ಸಂಜೆ ಬೆರಕೆ ಸೊಪ್ಪಿನ ಸಾರಿಗೆ ಸೇರಿಸುತ್ತಿದ್ದರು. ನೆಗಡಿಗೆ ಎಲೆ ಕುದಿಸಿ ಹಬೆ ಹಿಡಿಯುತ್ತಿದ್ದರು. ಹಾವು ಕಚ್ಚಿದರೂ ತುಂಬೆ ರಸ ಕುಡಿಸುತ್ತಿದ್ದದ್ದುಂಟು. ಇದನ್ನು ಓದಿ ಯಾರಾದರೂ ಹಾಗೆ ಮಾಡಿಯಾರು ಎಂದು ಭಯವಾಗುತ್ತದೆ. ಹಾವು ಕಚ್ಚಿದರೆ ನೇರ ಆಸ್ಪತ್ರೆಗೇ ಹೋಗಬೇಕು, ಬೇರೆ ಮಾತಿಲ್ಲ.

ಲಕ್ಕವಳ್ಳಿಯ ಭದ್ರಾ ಅಣೆಕಟ್ಟು 1965ರ ಹೊತ್ತಿಗೆ ಮುಗಿಯಿತು. ತೇಗದ ಕಾಡಿನ ಬುಡದಿಂದ ಹೊರಟ ನೀರು ಬಲದಂಡೆ ನಾಲೆಯಲ್ಲಿ, ಆಮೇಲೆ ದಾವಣಗೆರೆ ಶಾಖಾ ನಾಲೆಯಲ್ಲಿ ನಮ್ಮ ಕಡೆ ಬಂತು. ದೊಡ್ಡ ದಾಯಾದಿಯ ಮನೆಯಿಂದ ಬಂದ ನೀರು ಸಣ್ಣ ದಾಯಾದಿಗೆ ಕಷ್ಟ ತಂದಿತು ಎಂದು ತಮಾಷೆಗೆ ಹೇಳಬಹುದು. ಜೋಳದ ಹೊಲ ಭತ್ತದ ಗದ್ದೆಯಾಯಿತು. ನಿಂತ ನೀರಿನಲ್ಲಿ ತುಂಬೆ ಬದುಕುವುದಿಲ್ಲ, ಅದು ಒಣ ನೆಲದ ಗಿಡ. ವರ್ಷಕ್ಕೆ ಎರಡು ಬೆಳೆ ಭತ್ತ ಬಂದಮೇಲೆ ಗದ್ದೆಯ ಒಳಗಿನ ಜಾಗ ಅದಕ್ಕೆ ಪೂರ್ತಿ ತಪ್ಪಿತು. ಉಳಿದದ್ದು ಬದು ಒಂದೇ. ಇದಕ್ಕಾಗಿ ನಾಲೆ ಬೇಡವಾಗಿತ್ತು ಎಂದು ಯಾರೂ ಹೇಳಲಾರರು. ನೀರು ಬಂದ ಮೇಲೆಯೇ ನಮ್ಮ ಮನೆಗಳಲ್ಲಿ ಎರಡು ಹೊತ್ತು ಅನ್ನ ಕಂಡದ್ದು. ನಾಲೆಯ ಕೊನೆ ಭಾಗದವರು ಇವತ್ತಿಗೂ ನೀರಿಗಾಗಿ ರಸ್ತೆಗೆ ಇಳಿಯುತ್ತಾರೆ ಅಂದರೆ ಅದರ ಬೆಲೆ ಗೊತ್ತಾಗುತ್ತದೆ.

ನೀರು ಹತ್ತದ ಮೇಲಿನ ಹೊಲಗಳಲ್ಲಿ ತುಂಬೆ ಇನ್ನೂ ಇತ್ತು. ಅಲ್ಲಿಗೆ ಮೊದಲು ಬಂದದ್ದು ಕಾಂಗ್ರೆಸ್ ಕಳೆ. 1955-56ರಲ್ಲಿ ಪುಣೆಯಲ್ಲಿ ಗುರುತಿಸಿದ ಆ ಪಾರ್ಥೇನಿಯಂ ಮುಂದಿನ ಎರಡು ದಶಕಗಳಲ್ಲಿ ಕರ್ನಾಟಕದ ರಸ್ತೆ ಬದಿಗಳನ್ನೆಲ್ಲ ತುಂಬಿತು. ತುಂಬೆ ಇರುತ್ತಿದ್ದ ಎಷ್ಟೋ ಜಾಗ ಅದರ ಪಾಲಾಯಿತು. ಇನ್ನೊಂದು ಗಿಡವೂ ಇದೆ. ಆಳೆತ್ತರ ಬೆಳೆದು, ನೇರಳೆ ಬಣ್ಣದ ಸಣ್ಣ ಹೂ ಬಿಟ್ಟು, ಕೈ ತಗುಲಿದರೆ ಘಾಟು ವಾಸನೆ ಬರುವ ಗಿಡ. ಊರಿಗೊಂದು ಹೆಸರು: ಕಾಡುತುಳಸಿ ಅನ್ನುವವರಿದ್ದಾರೆ, ನಾಯಿತುಳಸಿ ಅನ್ನುವವರಿದ್ದಾರೆ. ಅದೂ ಇದೇ ಕುಟುಂಬದ್ದು, ಹಿಪ್ಟಿಸ್ ಎಂದು ಹಳೆಯ ಶಾಸ್ತ್ರನಾಮ. ಆದರೆ ಊರಿನದಲ್ಲ, ಅಮೆರಿಕದ ಉಷ್ಣ ಸೀಮೆಯಿಂದ ಬಂದದ್ದು. ಮನೆಯ ತಂಗಿ ಹೋದ ಜಾಗಕ್ಕೆ ದೂರದ ನೆಂಟರು ಬಂದು ಕೂತಂತೆ ಆಯಿತು.

ಆದರೆ ತುಂಬೆಯನ್ನು ಬದುವಿನಿಂದ ಇಳಿಸಿದ್ದು ಈ ಗಿಡಗಳಲ್ಲ. ಇಳಿಸಿದ್ದು ಕಳೆ ಔಷಧಿ. ಇಲ್ಲಿಂದ ಮುಂದಿನದು ನಮ್ಮ ಸಂಘದ ಚರಿತ್ರೆಯೂ ಹೌದು.

ಈ ಲೇಖನಕ್ಕಾಗಿ ಸಂಘದ ದಾಸ್ತಾನು ಪುಸ್ತಕಗಳನ್ನು ತೆಗೆಸಿ ನೋಡಿದೆವು. ಮೊದಲ ವರ್ಷಗಳ ಪುಟಗಳಲ್ಲಿ ಯೂರಿಯಾ, ಡಿಎಪಿ, ಪೊಟ್ಯಾಷ್, ಬಿತ್ತನೆ ಬೀಜ. ಕಳೆ ಔಷಧಿಯ ಒಂದು ಸಾಲೂ ಇಲ್ಲ. ಆಮೇಲೆ ಒಂದೆರಡು ಸಾಲು ಬರುತ್ತವೆ. ಆಮೇಲೆ ಅದಕ್ಕೇ ಒಂದು ಪುಟ. ಈಚಿನ ಪುಸ್ತಕದಲ್ಲಿ ಪುಟ ಸಾಲದೆ ಹಿಂದಿನ ಹಾಳೆಯಲ್ಲೂ ಬರೆದಿದ್ದಾರೆ. ಮೆಕ್ಕೆಜೋಳಕ್ಕೆ ಅಟ್ರಜಿನ್, ಭತ್ತಕ್ಕೆ ಒಂದೆರಡು ಬಗೆ, ಬದುವಿಗೆ ಗ್ಲೈಫೋಸೇಟ್. ಗ್ಲೈಫೋಸೇಟ್ 1974ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಔಷಧಿ. ಹಸಿರು ಎಲೆಯ ಮೇಲೆ ಬಿದ್ದರೆ ಬೇರಿನವರೆಗೂ ಇಳಿದು ಗಿಡವನ್ನು ಒಣಗಿಸುತ್ತದೆ. ಬೆಳೆ, ಕಳೆ ಎಂಬ ಭೇದ ಅದಕ್ಕಿಲ್ಲ. ಆದ್ದರಿಂದಲೇ ಬೆಳೆಯ ಮೇಲೆ ಹೊಡೆಯದೆ ಬದುವಿಗೆ ಹೊಡೆದರು. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಇದನ್ನು ಕೀಟ ನಿಯಂತ್ರಣದ ಪರವಾನಗಿ ಇರುವವರ ಮೂಲಕ ಮಾತ್ರ ಬಳಸಬೇಕು ಎಂದು ಅಧಿಸೂಚನೆ ಹೊರಡಿಸಿತು. ಪತ್ರಿಕೆಯಲ್ಲಿ ಓದಿದೆವು. ಹೊಲದಲ್ಲಿ ಪಂಪು ಬೆನ್ನಿಗೆ ಹಾಕಿಕೊಂಡವರು ಮಾತ್ರ ನಮ್ಮ ಹುಡುಗರೇ.

ಔಷಧಿ ಹೊಡೆದರೆ ಎಲ್ಲ ಕಳೆಯೂ ಹೋಗುತ್ತದಲ್ಲ, ತುಂಬೆಯೊಂದೇ ಯಾಕೆ ಕಾಣೆಯಾಯಿತು, ಜೇಕು, ಗರಿಕೆ ಯಾಕೆ ಉಳಿದವು ಎಂದು ಸಭೆಯಲ್ಲಿ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಜೇಕಿಗೆ ನೆಲದೊಳಗೆ ಗಡ್ಡೆ ಇದೆ. ಗರಿಕೆಗೆ ನೆಲದೊಳಗೆ ಹರಿಯುವ ಬಳ್ಳಿಬೇರು ಇದೆ. ಮೇಲಿನದು ಒಣಗಿದರೂ ಎಲ್ಲೋ ಉಳಿದ ಒಂದು ತುಂಡು ಮತ್ತೆ ಚಿಗುರುತ್ತದೆ. ತುಂಬೆಗೆ ಅಂಥ ಗಂಟು ಇಲ್ಲ. ಅದರ ಬಂಡವಾಳವೆಲ್ಲ ಬೀಜದಲ್ಲಿ. ಒಂದು ಮಳೆಗಾಲದಲ್ಲಿ ಹುಟ್ಟಿ, ಹೂ ಬಿಟ್ಟು, ಬೀಜ ಉದುರಿಸಿದರೆ ಮುಂದಿನ ವರ್ಷ ಉಂಟು. ಹೂವಿಗೆ ಮುಂಚೆ ಹೊಡೆದರೆ ಆ ವರ್ಷದ ಬೀಜ ಇಲ್ಲ. ಹಳೆಯ ಬೀಜ ಮಣ್ಣಲ್ಲಿ ಇರುವಷ್ಟು ದಿನ ಒಂದೊಂದು ಗಿಡ ಏಳುತ್ತದೆ, ಆಮೇಲೆ ಅದೂ ಇಲ್ಲ. ಸಹಕಾರಿಗಳಿಗೆ ಹೇಳುವುದಾದರೆ, ಠೇವಣಿ ಕಟ್ಟದೆ ಪ್ರತಿ ವರ್ಷ ತೆಗೆಯುತ್ತಲೇ ಹೋದ ಖಾತೆ ಇದ್ದಂತೆ. ಹೀಗೆ ಗಟ್ಟಿ ಕಳೆ ಉಳಿದು ಮೆತ್ತನೆಯ ಕಳೆ ಹೋಯಿತು. ಹೊಡೆದದ್ದು ಜೇಕಿಗೆ, ಸತ್ತದ್ದು ತುಂಬೆ.

ಇದನ್ನು ಓದಿ ಕಳೆ ಔಷಧಿ ತರಿಸಿದವರನ್ನು ಬೈಯುತ್ತಾರೋ ಏನೋ. ತರಿಸಿದವರು ನಾವೇ, ತರಿಸಿ ಎಂದು ಅರ್ಜಿ ಕೊಟ್ಟವರೂ ನಾವೇ. ಕಾರಣ ಇಲ್ಲದೆ ಅಲ್ಲ. ಕಳೆ ತೆಗೆಯಲು ಆಳು ಸಿಗುವುದು ಕಷ್ಟವಾಯಿತು. ಹುಡುಗರು ಹುಡುಗಿಯರು ದಾವಣಗೆರೆಗೆ ಬಸ್ಸು ಹಿಡಿದರು. ಸಂಘದ ಸದಸ್ಯೆಯೊಬ್ಬರು, ಮೂವತ್ತು ವರ್ಷ ಕಳೆ ಕಿತ್ತವರು, ನಮ್ಮ ಮುಂದೆ ಹೇಳಿದ್ದು ಹೀಗೆ: "ತುಂಬಿ ಹೋತು ಅಂತ ನೀವು ಅಳ್ತೀರಿ. ಬಗ್ಗಿ ಬಗ್ಗಿ ನಮ್ಮ ಸೊಂಟ ಹೋಗಿತ್ತಲ್ರಿ, ಅದಕ್ಕ ಯಾರು ಅತ್ರು?" ಅವರಿಗೆ ನಾವು ಉತ್ತರ ಹೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವರೇ ಮುಂದುವರಿಸಿದರು: "ಕೂಲಿನೂ ಹೋತು ಅನ್ರಿ. ಬೆರಕಿ ಸೊಪ್ಪು ಈಗ ಸಂತ್ಯಾಗ ಕೊಂಡ್ಕೋಬೇಕು." ಲಾಭ ನಷ್ಟ ಎರಡೂ ಆ ಒಂದು ಮಾತಿನಲ್ಲಿದೆ. ಅದಕ್ಕಿಂತ ಚೆನ್ನಾಗಿ ಲೆಕ್ಕ ಬರೆಯಲು ನಮ್ಮ ಲೆಕ್ಕಿಗರಿಂದಲೂ ಆಗದು.

ಇನ್ನೊಂದು ನಷ್ಟ ನಿಧಾನಕ್ಕೆ ತಿಳಿಯಿತು. ತುಂಬೆಯ ಹೂವಿಗೆ ಜೇನು ಬರುತ್ತದೆ, ಚಿಟ್ಟೆ ಬರುತ್ತದೆ. ಮಳೆಗಾಲ ಮುಗಿದ ಮೇಲೆ, ಬೇರೆ ಹೂ ಕಡಿಮೆ ಇರುವಾಗ, ಬದುವಿನ ತುಂಬೆಯೇ ಅವಕ್ಕೆ ಅಂಗಡಿ. ಸೂರ್ಯಕಾಂತಿ ಹಾಕಿದ ರೈತರು ಕಾಳು ಕಟ್ಟಲಿಲ್ಲ, ತೆನೆಯ ನಡುವೆ ಜೊಳ್ಳು ಎಂದು ಹೇಳುತ್ತಿರುವುದನ್ನು ಕೇಳಿದ್ದೇವೆ. ಸೂರ್ಯಕಾಂತಿಗೆ ಜೇನು ಬೇಕು. ಎಲ್ಲದಕ್ಕೂ ತುಂಬೆಯೇ ಕಾರಣ ಎಂದು ಹೇಳುವಷ್ಟು ಧೈರ್ಯ ನಮಗಿಲ್ಲ. ಬೀಜ, ಹವೆ, ಗೊಬ್ಬರ ಎಲ್ಲ ಸೇರಿರುತ್ತವೆ. ಆದರೆ ಅಂಗಡಿ ಮುಚ್ಚಿದ ಬೀದಿಗೆ ಗಿರಾಕಿ ಬರುವುದಿಲ್ಲ ಎಂಬುದು ವ್ಯಾಪಾರದ ಊರಾದ ದಾವಣಗೆರೆಯ ಪಕ್ಕದಲ್ಲಿರುವ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ರೈತ ಸಾಹುಕಾರನ ಬಡ್ಡಿಯಿಂದ ಪಾರಾಗಲಿ ಎಂದು. ಅದೇ ದಾರಿಯಲ್ಲಿ ನಡೆದ ನಮ್ಮ ಸಂಘವೂ ಸಾಲ ಕೊಟ್ಟಿದೆ, ಗೊಬ್ಬರ ಕೊಟ್ಟಿದೆ, ಬರದ ವರ್ಷ ಕೈ ಹಿಡಿದಿದೆ. ಬದುವಿನ ವಿಷಯ ಮಾತ್ರ ಒಮ್ಮೆಯೂ ನಮ್ಮ ಸಭೆಯ ಕಾರ್ಯಸೂಚಿಗೆ ಬರಲಿಲ್ಲ. ಈ ಸಲದ ವಾರ್ಷಿಕ ಸಭೆಗೆ ಒಂದು ವಿಷಯ ಸೇರಿಸಲು ಆಡಳಿತ ಮಂಡಳಿಗೆ ಬರೆದುಕೊಟ್ಟಿದ್ದೇವೆ: ಒಪ್ಪುವ ಸದಸ್ಯರು ತಮ್ಮ ಹೊಲದ ಒಂದು ಬದುವಿಗೆ, ಒಂದೇ ಒಂದಕ್ಕೆ, ಕಾರ್ತಿಕ ಮುಗಿಯುವವರೆಗೆ ಔಷಧಿ ಹೊಡೆಯದೆ ಬಿಡುವುದು, ಬೇಕಾದರೆ ಕುಡುಗೋಲಿನಿಂದ ಹುಲ್ಲು ಮಾತ್ರ ಕೊಯ್ಯುವುದು. ಬೀಳುತ್ತದೋ ಏಳುತ್ತದೋ ಸಭೆಯಲ್ಲಿ ನೋಡಬೇಕು. ಎರಡು ಮೂರು ಮಂದಿ ಈಗಾಗಲೇ "ಇಲಿ ಸೇರ್ಕೊಂತಾವು" ಎಂದು ಆಕ್ಷೇಪ ಎತ್ತಿದ್ದಾರೆ. ಅದನ್ನೂ ಕೇಳಬೇಕಾದದ್ದೇ.

ಬೀಜ ಎಲ್ಲಿಂದ ತರುವುದು ಎಂಬ ಪ್ರಶ್ನೆಗೆ ಉತ್ತರ ಮೊನ್ನೆ ಸಿಕ್ಕಿತು. ಸಂಘದ ಗೋದಾಮಿನ ಹಿಂದೆ, ಗೋಡೆಗೂ ಬೇಲಿಯ ಲಕ್ಕಿ ಗಿಡಕ್ಕೂ ನಡುವೆ, ಹರಿದ ಗೊಬ್ಬರದ ಚೀಲ ಒಗೆಯುವ ಜಾಗದಲ್ಲಿ ಹನ್ನೊಂದು ತುಂಬೆ ಗಿಡ ಎದ್ದಿವೆ. ನಾವೇ ಎಣಿಸಿದೆವು. ಪಂಪು ಅಲ್ಲಿಗೆ ಯಾಕೆ ಹೋಗಲಿಲ್ಲವೋ ಗೊತ್ತಿಲ್ಲ, ಬಹುಶಃ ಮೂಲೆ ಎಂದು ಬಿಟ್ಟಿರಬೇಕು. ಹೂವಾಗಿದೆ. ಪೂಜೆಗೆ ಕೀಳಬೇಡಿ, ಚೆಂಡು ಒಣಗುವವರೆಗೆ ಬಿಡಿ ಎಂದು ಗೋದಾಮಿನ ಹುಡುಗನಿಗೆ ಹೇಳಿ ಬಂದಿದ್ದೇವೆ. ಕಾರ್ತಿಕದಲ್ಲಿ ಬರಿಗೈಲಿ ಬಂದಿದ್ದ ಆ ಇಬ್ಬರು ಹುಡುಗರನ್ನೂ ಕರೆದು ತೋರಿಸಿದೆವು. ಒಬ್ಬ ಒಂದೇ ಒಂದು ಹೂ ಎಳೆದು ಬುಡ ಚೀಪಿ ನೋಡಿದ.